ಬಿಲ್ಲು ಬ್ರಿಡ್ಜಿನ ಮೇಲೆ ಚರಗ

ಹೋದ ವಾರ ರಸೆಲ್ ಮಾರುಕಟ್ಟೆಯಿಂದ ಒಂದು ಚೀಲ ಸೊಗಡವರೆ ಹಾಕಿಸಿಕೊಂಡು ಆಟೋದಲ್ಲಿ ಬರುತ್ತಿದ್ದೆ. ಹೊಸ ತಿಪ್ಪಸಂದ್ರದಲ್ಲಿ ನಮ್ಮದೊಂದು ರೊಟ್ಟಿ ಅಂಗಡಿ ಇದೆ. ಎಳ್ಳ ಅಮಾವಾಸ್ಯೆ ಹತ್ತಿರ ಬಂತೆಂದರೆ ನಮ್ಮ ಕಡೆಯ ಜನ ಎಲ್ಲೆಲ್ಲಿಂದಲೋ ಹುಡುಕಿಕೊಂಡು ಬಂದು ಕಾಳು, ಸೊಪ್ಪು ಕೂಡಿಸಿ ಬೇಯಿಸಿದ ಭಜ್ಜಿ ಕೇಳುತ್ತಾರೆ. ಹಲಸೂರಿನ ಹತ್ತಿರ ರೈಲು ಸೇತುವೆಯ ಕೆಳಗೆ ಗಾಡಿಗಳು ಜಾಮಾಗಿ ನಿಂತವು. ಆಟೋದವನು ಎಂಜಿನ್ ಆಫ್ ಮಾಡಿ, "ಮುಗೀತು ಬಿಡು ಗುರು," ಎಂದು ತನಗೆ ತಾನೇ ಹೇಳಿಕೊಂಡು ಮೊಬೈಲ್ ತೆಗೆದ. ಆಗ ಬಂತು ನೋಡಿ ಮೂಗಿಗೆ ವಾಸನೆ! ಟರ್ಪೆಂಟೈನು, ಹಸಿ ಬಣ್ಣ, ಆಗತಾನೆ ಉಜ್ಜಿದ ಕಬ್ಬಿಣ. ಕಾಲ ಬುಡದ ಚೀಲದಿಂದ ಅವರೆಯ ಸೊಗಡೂ ಬಂದು ಅದರ ಜೊತೆ ಕೂಡಿಕೊಂಡಿತು. ಬೇರೆ ಯಾರಿಗಾದರೂ ತಲೆನೋವು ಬರುತ್ತಿತ್ತು. ನನಗೆ ಮಾತ್ರ ಮೈಯೆಲ್ಲ ಖುಷಿಯಾಗಿ, ಒಬ್ಬಳೇ ಕೂತು ನಗತೊಡಗಿದೆ.

ಆ ಸೇತುವೆಗೆ ಸುತ್ತಮುತ್ತಲಿನವರು ಬಿಲ್ಲು ಬ್ರಿಡ್ಜು ಅನ್ನುತ್ತಾರೆ. ಕೆಳಗೆ ರಸ್ತೆ, ಅದರ ಮೇಲೆ ರೈಲು, ರೈಲಿನ ಎರಡೂ ಮಗ್ಗುಲಿಗೆ ಆಕಾಶದ ಕಡೆ ಬಾಗಿ ನಿಂತ ಒಂದೊಂದು ಉಕ್ಕಿನ ಕಮಾನು. ಬ್ರಿಟಿಷರು ಕಟ್ಟಿ ಬಿಟ್ಟುಹೋದದ್ದು. ವೆಲ್ಡಿಂಗು ಗಿಲ್ಡಿಂಗು ಏನೂ ಇಲ್ಲ, ಮೈತುಂಬ ದಪ್ಪ ದಪ್ಪ ರಿವೆಟ್ಟುಗಳು. ಆ ರಿವೆಟ್ಟುಗಳಲ್ಲಿ ಅರ್ಧದಷ್ಟರ ತಲೆಯನ್ನಾದರೂ ನಾನು ಈ ಕೈಯಿಂದ ತಿಕ್ಕಿ ತೊಳೆದಿದ್ದೇನೆ ಅಂದರೆ ನೀವು ನಂಬಬೇಕು. ಮಗಳು ಹುಟ್ಟುವುದಕ್ಕೆ ಹಿಂದಿನ ಚಳಿಗಾಲ ಅದು. ಈಗ ಅವಳು ಹೈಸ್ಕೂಲಿನಲ್ಲಿದ್ದಾಳೆ, ನನಗೇ ಇಂಗ್ಲಿಷ್ ತಿದ್ದುತ್ತಾಳೆ.

ಯಾದಗಿರಿ ಕಡೆಯಿಂದ ನಾನೂ ನನ್ನ ಗಂಡ ಭೀಮರಾಯನೂ ಬಂದು ಆಗ ಒಂದು ವರ್ಷವೂ ಆಗಿರಲಿಲ್ಲ. ಸೇತುವೆಯ ಹಿಂದಿನ ಗಲ್ಲಿಯ ವಠಾರವೊಂದರಲ್ಲಿ ಒಂದು ಕೋಣೆ. ನಮ್ಮ ಕಡೆಯವರೇ ಇನ್ನೂ ಕೆಲವು ಮನೆಗಳಲ್ಲಿದ್ದರು. ಬ್ರಿಡ್ಜಿಗೆ ಬಣ್ಣ ಬಳಿಯುವ ಕೆಲಸ ಹಿಡಿದ ಕಂಟ್ರಾಕ್ಟರನ ಕಡೆಯಿಂದ ಪೆರುಮಾಳ್ ಮೇಸ್ತ್ರಿ ಬಂದು ನಮ್ಮನ್ನೆಲ್ಲ ಒಟ್ಟಿಗೆ ಕೆಲಸಕ್ಕೆ ಕರೆದ. ಅವನು ಹಲಸೂರಿನಲ್ಲೇ ಹುಟ್ಟಿ ಬೆಳೆದ ತಮಿಳಿನವನು. ಬೆಳಗ್ಗೆ ಬೈದರೆ ಸಂಜೆ ಟೀ ಕೊಡಿಸುವ ಮನುಷ್ಯ.

ಕೆಲಸ ಹೀಗೆ. ಮೊದಲು ತುಕ್ಕು ಕೆರೆಯಬೇಕು, ತಂತಿ ಬ್ರಷ್ಷಿನಿಂದ ತಿಕ್ಕಬೇಕು, ಉಪ್ಪು ಕಾಗದ ಹಾಕಿ ನುಣ್ಣಗೆ ಮಾಡಬೇಕು. ಆಮೇಲೆ ಕೆಂಪು ಪ್ರೈಮರು. ಅದರ ಮೇಲೆ ಬೆಳ್ಳಿ ಬಣ್ಣ, ಎರಡು ಸಲ. ರೈಲು ನಿಲ್ಲಿಸಿ, ಮೇಲಿನ ತಂತಿಯ ಕರೆಂಟು ತೆಗೆದುಕೊಟ್ಟ ಹೊತ್ತಿನಲ್ಲಿ ಮಾತ್ರ ಕಮಾನಿನ ಮೇಲೆ ಕೆಲಸ. ಅದಕ್ಕೆ ಬ್ಲಾಕು ಅನ್ನುತ್ತಾರೆ. ಬ್ಲಾಕು ಸಿಕ್ಕಿತು ಅಂದರೆ ಸಾಕು, ಗಂಡಸರು ಮೈಗೆ ಸೇಫ್ಟಿ ಬೆಲ್ಟು ಬಿಗಿದುಕೊಂಡು ಕಪಿಗಳ ಹಾಗೆ ಏರುತ್ತಿದ್ದರು. ನಾವು ಹೆಂಗಸರು ಕೆಳಗೆ. ಕೈಗೆಟಕುವ ಕಂಬಗಳನ್ನು ತಿಕ್ಕುವುದು, ಬಣ್ಣದ ಡಬ್ಬ ಕಲಕುವುದು, ಹಗ್ಗಕ್ಕೆ ಕಟ್ಟಿ ಮೇಲೆ ಕಳಿಸುವುದು. ಕುತ್ತಿಗೆ ಎತ್ತಿ ಎತ್ತಿ ನೋಡಿ ರಾತ್ರಿ ಮಲಗಿದರೆ ಕುತ್ತಿಗೆಯೇ ನೋವು.

ನನಗೆ ಆ ಕಮಾನಿನ ನೆತ್ತಿ ಏರಬೇಕಿತ್ತು. ಹುಚ್ಚು ಅನ್ನಿ, ಏನು ಬೇಕಾದರೂ ಅನ್ನಿ. ಊರಲ್ಲಿ ಹುಡುಗಿಯಾಗಿದ್ದಾಗ ಜೋಳದ ಹೊಲದ ನಡುವೆ ಕಟ್ಟಿದ ಎತ್ತರದ ಅಟ್ಟದ ಮೇಲೆ ನಿಂತು, ಕವಣೆ ಬೀಸಿ ಹಕ್ಕಿ ಓಡಿಸುತ್ತಿದ್ದವಳು ನಾನು. ಅಲ್ಲಿ ನಿಂತರೆ ಇಡೀ ಊರು ನನ್ನದು. ಮದುವೆಯಾದ ಮೇಲೆ ತಲೆಯ ಮೇಲೆ ಬುಟ್ಟಿ, ಕಣ್ಣು ನೆಲದ ಮೇಲೆ. ಬೆಂಗಳೂರಿಗೆ ಬಂದರೂ ಅಷ್ಟೇ. ಇಲ್ಲಿ ನೋಡಿದರೆ ಊರಿನ ಅಟ್ಟಕ್ಕಿಂತ ಎಷ್ಟೋ ಎತ್ತರದ ಅಟ್ಟ ಕಣ್ಣೆದುರಿಗೇ ನಿಂತಿದೆ, ಅದರ ಮೇಲೆ ಭೀಮರಾಯ ಕೂತು ಕಾಲು ಅಲ್ಲಾಡಿಸುತ್ತಾನೆ! ಹೊಟ್ಟೆ ಉರಿಯದೆ ಇರುತ್ತದೆಯೇ?

ಅದಕ್ಕೆ ತುಪ್ಪ ಸುರಿದವರು ರೈಲ್ವೆಯ ಇಂಜಿನಿಯರ್ ಮೇಡಂ. ಮೊದಲ ವಾರವೇ ಬಂದರು. ಸಣ್ಣ ಮೈ, ದೊಡ್ಡ ಹೆಲ್ಮೆಟ್ಟು. ಬೆಲ್ಟು ಹಾಕಿಕೊಂಡು, ಹುಕ್ಕು ಸಿಕ್ಕಿಸಿ, ಯಾರ ಕೈಯನ್ನೂ ಹಿಡಿಯದೆ ನೆತ್ತಿಯವರೆಗೆ ಹೋಗಿ ಬಂದರು. ನಾನು ಆವತ್ತೇ ಮೇಸ್ತ್ರಿಯನ್ನು ಹಿಡಿದೆ.

"ಮೇಸ್ತ್ರೀ, ನಾನೂ ಮ್ಯಾಲೆ ಹೋಗ್ತೀನ್ರಿ."

"ಬೇಡಮ್ಮಾ ಮಲ್ಲಮ್ಮಾ. ಲೇಡೀಸ್ ಎಲ್ಲಾ ಮೇಲೆ ಬೇಡ. ಏನಾದ್ರೂ ಆದ್ರೆ ನನ್ ತಲೆ ಹೋಗುತ್ತೆ."

"ಮತ್ತ ಮೇಡಂ ಹೆಂಗ ಏರಿದ್ರು?"

"ಅವ್ರು ಓದಿರೋವ್ರಮ್ಮಾ!"

"ಓದಿದವರ ಕಾಲು ಯಾವುದು, ಓದದವರ ಕಾಲು ಯಾವುದು ಅಂತ ಏಣಿಗಿ ಗೊತ್ತಾಗ್ತದೇನ್ರಿ?"

ಪೆರುಮಾಳ್ ಕೈ ಮುಗಿದು ಆಚೆ ಹೋದ. ಆಮೇಲೆ ದಿನಾ ಬೆಳಗ್ಗೆ ನಾನು ಕೇಳುವುದು, ಅವನು ಕೈ ಮುಗಿಯುವುದು, ಜೊತೆಯ ಹೆಂಗಸರು ಸೆರಗು ಬಾಯಿಗಿಟ್ಟು ನಗುವುದು. ಗಂಡನನ್ನು ಕೇಳಿದರೆ ಅವನದು ಬೇರೆಯೇ ರಾಗ. "ಮ್ಯಾಲೆ ಹೋದ್ರ ಹೊಟ್ಟ್ಯಾಗ ಗುಳುಗುಳು ಅಂತದ ಹುಚ್ಚಿ. ನನಗ ಬ್ಯಾಡಾಗ್ಯದ, ನಿನಗ್ಯಾಕ ಬೇಕು?" ಆದರೆ ಪಾಪ, ಒಳ್ಳೆಯವನು. ಕೆಲಸ ಮುಗಿಸಿ ಬಂದಾಗ ಒಂದೊಂದು ದಿನ ತನ್ನ ಬೆಲ್ಟನ್ನು ಕೋಣೆಗೇ ತರುತ್ತಿದ್ದ. ಮೇಸ್ತ್ರಿಗೆ ಹೇಳಬೇಡ ಅನ್ನುತ್ತ ನನಗೆ ಬಿಗಿಯುವುದು, ಬಿಚ್ಚುವುದು, ಒಂದು ಹುಕ್ಕು ಸಿಕ್ಕಿಸದೆ ಇನ್ನೊಂದು ತೆಗೆಯಬಾರದು ಎನ್ನುವುದು, ಎಲ್ಲ ಹೇಳಿಕೊಟ್ಟ. ವಠಾರದ ತಾರಸಿಯ ಮೇಲೆ ನೀರಿನ ಟ್ಯಾಂಕಿಗೆ ಕಬ್ಬಿಣದ ಏಣಿ ಇತ್ತು. ನಾನು ಅದನ್ನೇ ಬಿಲ್ಲು ಬ್ರಿಡ್ಜು ಮಾಡಿಕೊಂಡೆ.

ಆ ಏಣಿಯ ಮೇಲೆ ಒಂದು ಸಂಜೆ ನನ್ನನ್ನು ಹಿಡಿದುಹಾಕಿದವರು ಮನೆ ಯಜಮಾನಿ ಮುನಿಯಮ್ಮಜ್ಜಿ. ಬಟ್ಟೆ ತೆಗೆಯಲು ಬಂದವರು ನೋಡಿಬಿಟ್ಟರು.

"ಏಯ್ ಅಮ್ಮಿ! ಟ್ಯಾಂಕಿಗೆ ಹಗ್ಗ ಬಿಗ್ಕೊಂಡು ಏನ್ ಮಾಡ್ತಿದೀಯಾ? ಇಳಿ ಕೆಳಕ್ಕೆ!"

ಇಳಿದು ಇದ್ದದ್ದು ಇದ್ದಹಾಗೆ ಹೇಳಿದೆ. ಅಜ್ಜಿ ಬಾಯಿ ತುಂಬ ಎಲೆಯಡಿಕೆ ಇಟ್ಟುಕೊಂಡು ಕೇಳಿದರು. ಆ ಕಡೆಯ ಹಳೇ ಊರಿನ ಮನೆತನ ಅವರದು. ಒಂದು ಕಾಲದಲ್ಲಿ ಬ್ರಿಡ್ಜಿನ ಬುಡದವರೆಗೂ ಅವರ ಮಾವನ ರಾಗಿ ಹೊಲ ಇತ್ತಂತೆ. ಈಗ ಅಲ್ಲಿ ಜಿಮ್ಮು, ಫೋನು ರಿಪೇರಿ ಅಂಗಡಿ, ನಮ್ಮ ವಠಾರ. "ಆಗ ರಾಗಿ ಬೆಳೀತಿದ್ವಿ, ಈಗ ಬಾಡಿಗೆ ಬೆಳೀತೀವಿ ಕಣಮ್ಮಿ," ಎಂದು ನಕ್ಕರು. ಆಮೇಲೆ ಹೇಳಿದರು: "ನಾನು ಈ ಮನೆಗೆ ಸೊಸೆಯಾಗಿ ಬಂದಾಗ್ಲಿಂದ ಆ ಬ್ರಿಡ್ಜ್ ನೋಡ್ತಾವ್ನಿ. ಅದ್ರ ತುದಿ ಮೇಲಿಂದ ನಮ್ ಹೊಲ ಹೆಂಗ್ ಕಾಣ್ತದೋ ಅಂತ ಆಸೆ ಇತ್ತು. ಯಾರನ್ನ ಕೇಳದು? ನೀನು ಹತ್ತಿದ್ರೆ ನಂಗೆ ಬಂದು ಹೇಳು." ಅವತ್ತಿನಿಂದ ಟ್ಯಾಂಕಿನ ಏಣಿಗೆ ನನಗೆ ಪರ್ಮಿಷನ್ ಸಿಕ್ಕಿತು.

ಚಳಿ ಬಿತ್ತು. ಬೆಳಗ್ಗೆ ಕಬ್ಬಿಣ ಮುಟ್ಟಿದರೆ ಕೈ ಮರಗಟ್ಟುತ್ತಿತ್ತು. ಮಂಜಿನಲ್ಲಿ ಕೋಲಾರದ ಕಡೆಯ ಗಾಡಿ ದೀಪ ಹಾಕಿಕೊಂಡು ಬರುತ್ತಿತ್ತು, ಅದರ ಬಾಗಿಲಲ್ಲಿ ನಿಂತವರು ನಮಗೆ ಕೈ ಬೀಸುತ್ತಿದ್ದರು. ತುಕ್ಕು ಹಿಡಿದು ಕಪ್ಪಾಗಿದ್ದ ಸೇತುವೆ ಮೊದಲು ಕೆಂಪಾಯಿತು, ಆಮೇಲೆ ಸ್ವಲ್ಪ ಸ್ವಲ್ಪವಾಗಿ ಬೆಳ್ಳಗಾಯಿತು. ದಾರಿಯಲ್ಲಿ ಹೋಗುವವರು ಗಾಡಿ ನಿಲ್ಲಿಸಿ ಫೋಟೋ ತೆಗೆಯುತ್ತಿದ್ದರು. ಎಂಥ ಹೆಮ್ಮೆ ಅಂತೀರಿ! ನಮ್ಮ ಮನೆ ಮದುವೆಗೆ ಸುಣ್ಣ ಬಳಿದ ಹಾಗೆ ನಾವೆಲ್ಲ ಸೊಂಟದ ಮೇಲೆ ಕೈ ಇಟ್ಟುಕೊಂಡು ನಿಂತು ನೋಡುತ್ತಿದ್ದೆವು.

ಅಷ್ಟರಲ್ಲಿ ಎಳ್ಳ ಅಮಾವಾಸ್ಯೆ ಬಂತು. ನಮ್ಮ ಕಡೆ ಅದು ಎಂಥ ಹಬ್ಬ ಎಂದು ಈ ಕಡೆಯವರಿಗೆ ಹೇಳಿ ತಿಳಿಸುವುದು ಕಷ್ಟ. ಆವತ್ತು ಯಾರೂ ಮನೆಯಲ್ಲಿ ಉಣ್ಣುವುದಿಲ್ಲ. ಬಂಡಿ ಕಟ್ಟಿಕೊಂಡು ಬುತ್ತಿ ಸಮೇತ ಹೊಲಕ್ಕೆ ಹೋಗುತ್ತೇವೆ. ಐದು ಕಲ್ಲು ಇಟ್ಟು, ಸುಣ್ಣ ಹಚ್ಚಿ, ಪಾಂಡವರೆಂದು ಪೂಜೆ ಮಾಡುತ್ತೇವೆ. ಆಮೇಲೆ ಮಾಡಿದ ಅಡಿಗೆಯನ್ನೆಲ್ಲ ಒಂದಿಷ್ಟು ಕಲಸಿ, ಬೆಳೆದು ನಿಂತ ಹೊಲದ ಸುತ್ತ ಚೆಲ್ಲುತ್ತ ಹೋಗುತ್ತೇವೆ. ಭೂಮಿತಾಯಿ ಬಸುರಿ, ಅವಳಿಗೆ ಬಯಕೆಯ ಊಟ ಅದು. ಅದಕ್ಕೆ ಚರಗ ಚೆಲ್ಲುವುದು ಅನ್ನುತ್ತಾರೆ. ಚೆಲ್ಲುವವರು "ಹುಲ್ಲುಲ್ಲಿಗೋ" ಎಂದು ಕೂಗಬೇಕು, ಹಿಂದಿನವರು "ಚಳ್ಳಂಬ್ರಿಗೋ" ಎಂದು ಓಗೊಡಬೇಕು.

ರಜೆ ಕೇಳಿದರೆ ಮೇಸ್ತ್ರಿ ತಲೆ ಚಚ್ಚಿಕೊಂಡ. ಆ ದಿನವೂ ಮರುದಿನವೂ ಬ್ಲಾಕು ಸಿಕ್ಕಿತ್ತು, ಕೊನೆಯ ಎರಡು ಬ್ಲಾಕು. ಮರುದಿನವೇ ಮೇಡಂ ಬಂದು ಕೆಲಸ ಪಾಸ್ ಮಾಡುವವರಿದ್ದರು. "ಇಲ್ಲೇ ಮಾಡ್ಕೊಳ್ಳಿ ನಿಮ್ ಹಬ್ಬ, ಊಟಕ್ಕೆ ನಾನೂ ಬರ್ತೀನಿ," ಎಂದ. ಹಾಗೇ ಆಯಿತು. ನಸುಕಿನಲ್ಲೇ ಎದ್ದು ಎಳ್ಳು ಹಚ್ಚಿದ ಸಜ್ಜೆ ರೊಟ್ಟಿ ತಟ್ಟಿದೆವು. ಕಡಬು, ಶೇಂಗಾ ಹೋಳಿಗೆ, ಅಂಬಲಿ. ಭಜ್ಜಿಗೆ ಬೇಕಾದ ಅವರೆಕಾಳನ್ನು ಮುನಿಯಮ್ಮಜ್ಜಿಯೇ ಸುಲಿದು ಪಾತ್ರೆ ತುಂಬ ತಂದರು. ಸೇತುವೆಯ ಕಲ್ಲುಕಟ್ಟಡದ ಬುಡದಲ್ಲಿ ಐದು ಕಲ್ಲು ಕೂತವು, ಮೇಲೆ ರಸೆಲ್ ಮಾರುಕಟ್ಟೆಯಿಂದ ತಂದ ಕಬ್ಬಿನ ಗರಿಯ ಗೂಡು. ಊರಲ್ಲಾದರೆ ಜೋಳದ ದಂಟಿನ ಗೂಡು, ಇಲ್ಲಿ ದಂಟು ಎಲ್ಲಿಂದ ತರೋಣ?

ಪೂಜೆ ಆಯಿತು. ಚರಗ ಎಲ್ಲಿ ಚೆಲ್ಲುವುದು? ಹೊಲ ಎಲ್ಲಿದೆ? ಎಲ್ಲರೂ ಮುಖ ಮುಖ ನೋಡಿಕೊಂಡರು. ನಾನೇ ಬಾಯಿ ಬಿಟ್ಟೆ. "ಈ ವರ್ಷ ದುಡಿದದ್ದು ಎಲ್ಲಿ? ಈ ಬ್ರಿಡ್ಜಿನ ಮ್ಯಾಲೆ. ಹಂಗಾರ ಇದೇ ನಮ್ಮ ಹೊಲ. ಮ್ಯಾಲಿಂದ ಚೆಲ್ರಿ!" ನನಗಂತೂ ಏರಲು ಬಿಡಲಿಲ್ಲ, ನಾನು ಮಾಡಿದ ಕಡಬಾದರೂ ನೆತ್ತಿ ಏರಲಿ ಎನ್ನುವ ಹಟ ನನ್ನದು. ಬ್ಲಾಕು ಇನ್ನೂ ಮುಗಿದಿರಲಿಲ್ಲ. ಬುಟ್ಟಿಯನ್ನು ಹಗ್ಗಕ್ಕೆ ಕಟ್ಟಿ ಎಳೆದೆವು. ಭೀಮರಾಯ ಕಮಾನಿನ ನೆತ್ತಿಯ ಹತ್ತಿರ ನಿಂತು ಮುಷ್ಟಿ ತುಂಬ ತೆಗೆದು, "ಹುಲ್ಲುಲ್ಲಿಗೋ!" ಎಂದು ಬೀಸಿದ. ಕೆಳಗಿನಿಂದ ನಾವೆಲ್ಲ ಗಂಟಲು ಹರಿಯುವಂತೆ, "ಚಳ್ಳಂಬ್ರಿಗೋ!" ಎಂದೆವು. ಮುನಿಯಮ್ಮಜ್ಜಿ ನಮಗಿಂತ ಜೋರಾಗಿ ಕೂಗಿದರು. ಕೆಳಗಿನ ರಸ್ತೆಯಲ್ಲಿ ಸ್ಕೂಟರಿನವನೊಬ್ಬ ನಿಂತು, ಹೆಲ್ಮೆಟ್ಟು ಒರೆಸಿಕೊಳ್ಳುತ್ತ, "ಯಾರ್ರೀ ಅದು ಮೇಲಿಂದ ಪಲ್ಯ ಎಸೀತಿರೋದು?" ಎಂದು ರೇಗಿದ. "ಪ್ರಸಾದ ಕಣಪ್ಪಾ, ಬಾ, ಊಟ ಮಾಡ್ಕೊಂಡು ಹೋಗು," ಎಂದರು ಅಜ್ಜಿ. ಬಂದು ಉಂಡೂ ಹೋದ.

ನಮ್ಮ ಊರಿನ ಕರಿ ಮಣ್ಣಿಗೆ ಚರಗ ಬಿದ್ದರೆ ಮಣ್ಣು ತಿನ್ನುತ್ತದೆ, ಹಕ್ಕಿ ತಿನ್ನುತ್ತದೆ. ಈ ಹೊಲಕ್ಕೆ ಬೆಳಗ್ಗೆಯಷ್ಟೇ ಬೆಳ್ಳಿ ಬಣ್ಣ ಬಳಿದಿದ್ದರು, ಅದು ಇನ್ನೂ ಹಸಿ ಎನ್ನುವುದು ನಮ್ಮಲ್ಲಿ ಒಬ್ಬರಿಗಾದರೂ ಹೊಳೆಯಬೇಡವೇ? ಗಾಳಿ ಬೇರೆ ಎದುರಿನಿಂದ ಬೀಸುತ್ತಿತ್ತು. ಚೆಲ್ಲಿದ್ದರಲ್ಲಿ ಅರ್ಧ ತಿರುಗಿ ಬಂದು ನೆತ್ತಿಗೇ ಮೆತ್ತಿಕೊಂಡಿತು. ಭೀಮರಾಯ ಇಳಿದು ಬಂದಾಗ ಅವನ ಮುಖ ನೋಡಬೇಕಿತ್ತು. ಹೋಳಿಗೆ ಕೈಯಲ್ಲಿ ಹಿಡಿದೇ ಪೆರುಮಾಳ್ ಏಣಿ ಹತ್ತಿ ನೋಡಿ, ಅಲ್ಲಿಂದಲೇ ಕೂಗಿಕೊಂಡ.

"ಅಯ್ಯೋ ಮುರುಗಾ! ಪೇಂಟ್ ಮೇಲೆ ಎಳ್ಳು! ಕಡಬು! ಅವರೆಕಾಳು! ಇದೇನ್ ಬ್ರಿಡ್ಜಾ, ಮಸಾಲ್ ವಡೆನಾ?"

ನಗಬಾರದಿತ್ತು. ಆದರೆ ಅಜ್ಜಿ ಮೊದಲು ಕಿಸಕ್ಕೆಂದರು, ಆಮೇಲೆ ಯಾರಿಗೂ ತಡೆಯಲಾಗಲಿಲ್ಲ.

ಮರುದಿನ ಬೆಳಗ್ಗೆ ಯಾರ ಮುಖದಲ್ಲೂ ನಗು ಇರಲಿಲ್ಲ. ಬ್ಲಾಕು ಸಿಕ್ಕ ತಕ್ಷಣ ಗಂಡಸರೆಲ್ಲ ಆಚೆ ಕಮಾನಿನ ಅಡಿಭಾಗಕ್ಕೆ ಕೊನೆಯ ಕೋಟು ಬಳಿಯಲೇಬೇಕಿತ್ತು. ಈಚೆ ನೆತ್ತಿಯನ್ನು ಕೆರೆದು, ಉಜ್ಜಿ, ಮತ್ತೆ ಬಳಿಯುವವರು ಯಾರು? ಮೇಸ್ತ್ರಿ ಅವರನ್ನು ಇವರನ್ನು ಎಣಿಸುತ್ತ ನಿಂತಿರುವಾಗಲೇ ಮೇಡಂ ಬಂದುಬಿಟ್ಟರು. ತಲೆ ಎತ್ತಿ ನೋಡಿದರು.

"ಮೇಲೆ ಅದೇನು ಚುಕ್ಕಿ ಚುಕ್ಕಿ?"

"ಹಕ್ಕಿ ಮೇಡಂ," ಎಂದ ಪೆರುಮಾಳ್. "ಹಕ್ಕಿಗಳು ಏನೇನೋ ತಂದು..."

ನನಗೆ ತಡೆಯಲಾಗಲಿಲ್ಲ. "ಹಕ್ಕಿ ಅಲ್ರಿ ಮೇಡಂ, ಚರಗ," ಎಂದೆ. ಅಮಾವಾಸ್ಯೆಯನ್ನು, ಭೂಮಿತಾಯಿಯ ಬಯಕೆಯನ್ನು, ಗಾಳಿ ತಿರುಗಿದ್ದನ್ನು ಒಂದೇ ಉಸಿರಿನಲ್ಲಿ ಹೇಳಿ ಮುಗಿಸಿದೆ. ಮೇಡಂ ತುಟಿ ಕಚ್ಚಿಕೊಂಡದ್ದು ನಗುವಿಗೋ ಸಿಟ್ಟಿಗೋ ಗೊತ್ತಾಗಲಿಲ್ಲ.

"ಸರಿ. ಆದ್ರೆ ಕಾಳಿನ ಮೇಲೆ ಬಣ್ಣ ನಿಲ್ಲಲ್ಲ, ಅಲ್ಲಿಂದಾನೇ ತುಕ್ಕು ಶುರುವಾಗುತ್ತೆ. ಇವತ್ತಿನ ಬ್ಲಾಕ್ ಮುಗಿಯೋದ್ರೊಳಗೆ ಕ್ಲೀನ್ ಆಗ್ಬೇಕು. ಇಲ್ಲಾಂದ್ರೆ ನಾನು ಪಾಸ್ ಮಾಡಲ್ಲ. ಯಾರು ಹತ್ತುತ್ತೀರಾ?"

"ನಾ ಏರ್ತೀನ್ರಿ."

"ಮೇಡಂ, ಬೇಡ ಮೇಡಂ," ಎಂದು ಪೆರುಮಾಳ್ ಅಡ್ಡ ಬಂದ. ಮೇಡಂ ನನ್ನನ್ನೇ ನೋಡುತ್ತಿದ್ದರು.

"ಬೆಲ್ಟ್ ಹಾಕ್ಕೊಳ್ಳೋಕೆ ಬರುತ್ತಾ?"

ಮೇಸ್ತ್ರಿಯ ಕೈಯಲ್ಲಿದ್ದ ಬೆಲ್ಟನ್ನು ಇಸಿದುಕೊಂಡೆ. ಸೀರೆ ಕಚ್ಚೆ ಹಾಕಿ, ಮೇಲೆ ಗಂಡನ ಹಳೇ ಶರ್ಟು ತೊಟ್ಟಿದ್ದೆ. ಕಾಲಿನ ಪಟ್ಟಿ, ಸೊಂಟದ ಪಟ್ಟಿ, ಭುಜದ ಪಟ್ಟಿ, ಟಕಟಕ ಬಿಗಿದೆ. ಮೇಡಂ ಎಲ್ಲಾ ಕಡೆ ಎಳೆದು ನೋಡಿದರು. ಒಂದು ಕಡೆಯೂ ಸಡಿಲ ಇರಲಿಲ್ಲ. "ಎಲ್ಲಿ ಕಲಿತೆ?" ಎಂದರು. "ನೀರಿನ ಟ್ಯಾಂಕಿನ ಮ್ಯಾಲ್ರಿ," ಎಂದೆ. ದೂರದಲ್ಲಿ ಭೀಮರಾಯ ಆಕಾಶ ನೋಡುತ್ತ ನಿಂತಿದ್ದ, ತನಗೆ ಇದೇನೂ ಗೊತ್ತೇ ಇಲ್ಲವೆನ್ನುವಂತೆ.

"ಬಾ ನನ್ ಹಿಂದೆ," ಎಂದರು ಮೇಡಂ.

ಏರಿದೆ. ಒಂದು ಹುಕ್ಕು ಸಿಕ್ಕಿಸಿ ಇನ್ನೊಂದು ತೆಗೆದು, ಮತ್ತೆ ಸಿಕ್ಕಿಸಿ. ಕಮಾನಿನ ಬೆನ್ನು ಮೊದಲು ಕಡಿದಾಗಿ, ಬರಬರುತ್ತ ಒರಗಿಕೊಂಡ ಹಾಗಾಗಿ, ಕೊನೆಗೆ ಸಮನಾಯಿತು. ಕೆಳಗೆ ನೋಡುವ ಧೈರ್ಯ ಮಾಡಲಿಲ್ಲ, ಸುಳ್ಳು ಯಾಕೆ ಹೇಳಲಿ. ಆದರೆ ನೆತ್ತಿಯ ಮೇಲೆ ಕಾಲೂರಿ ತಲೆ ಎತ್ತಿದೆ ನೋಡಿ, ಅಬ್ಬಬ್ಬಾ! ಹಲಸೂರು ಕೆರೆ ಬಿಸಿಲಿಗೆ ಹೊಳೆಯುತ್ತಿತ್ತು. ಗುಡಿಯ ಗೋಪುರ, ಮಸೀದಿಯ ಮಿನಾರು, ಮೆಟ್ರೋ ಗಾಡಿ, ಕಂಟೋನ್ಮೆಂಟಿನ ಕಡೆ ಜೋಡಿ ಜೋಡಿಯಾಗಿ ಹೋಗುವ ಹಳಿಗಳು, ಸಾವಿರ ತಾರಸಿಗಳ ಮೇಲೆ ಸಾವಿರ ನೀರಿನ ಟ್ಯಾಂಕುಗಳು. ನಮ್ಮ ವಠಾರದ ಟ್ಯಾಂಕೂ ಕಂಡಿತು, ಗುಂಡುಸೂಜಿಯ ತಲೆಯಷ್ಟು. ಇಷ್ಟು ದಿನ ಈ ಊರು ನನಗೆ ಬರೀ ಗಲ್ಲಿಯಾಗಿತ್ತು. ಆವತ್ತು ಮೊದಲ ಸಲ ಇದು ನನ್ನದೂ ಊರು ಅನ್ನಿಸಿತು.

ನೋಡುತ್ತ ನಿಲ್ಲಲು ಹೊತ್ತಿರಲಿಲ್ಲ. ಕಡಬು ಕೆರೆದೆ, ಎಳ್ಳು ಕೆರೆದೆ, ಉಪ್ಪು ಕಾಗದದಿಂದ ಉಜ್ಜಿದೆ, ಬಟ್ಟೆಯಲ್ಲಿ ಒರೆಸಿದೆ. ಕೆರೆದದ್ದನ್ನೆಲ್ಲ ಸೊಂಟದ ಚೀಲಕ್ಕೆ ತುಂಬಿಕೊಂಡೆ, ಚರಗವನ್ನು ಕಸಕ್ಕೆ ಹಾಕಲು ಮನಸ್ಸು ಬರಲಿಲ್ಲ. ಆಮೇಲೆ ಬ್ರಷ್ಷು ಅದ್ದಿ ಬೆಳ್ಳಿ ಬಣ್ಣ ಎಳೆದೆ. ಮೇಡಂ ಒಂದೊಂದು ರಿವೆಟ್ಟಿನ ಹತ್ತಿರವೂ ಬಾಗಿ ಕಣ್ಣಿಟ್ಟು ನೋಡಿದರು. ಎರಡು ಕಡೆ ಮತ್ತೆ ಉಜ್ಜಿಸಿದರು, ಬಿಡಲಿಲ್ಲ. ಕೊನೆಗೆ, "ಪಾಸ್," ಎಂದರು. ಅಷ್ಟೇ ಮಾತು. ಅಷ್ಟಕ್ಕೇ ನನ್ನ ಕಣ್ಣಲ್ಲಿ ನೀರು ಬಂತು.

ಇಳಿಯುವ ಮೊದಲು ಕೆಳಗೆ ನೋಡಿದೆ. ಮುನಿಯಮ್ಮಜ್ಜಿ ಬಿಸಿಲಿಗೆ ಕೈ ಅಡ್ಡ ಹಿಡಿದು ಮೇಲೆ ನೋಡುತ್ತ ನಿಂತಿದ್ದರು. ನನಗೆ ಏನಾಯಿತೋ, ಬರಿಗೈಯನ್ನೇ ಗಾಳಿಗೆ ಬೀಸಿ, "ಹುಲ್ಲುಲ್ಲಿಗೋ!" ಎಂದು ಕೂಗಿದೆ. "ಚಳ್ಳಂಬ್ರಿಗೋ!" ಎಂದರು ಅಜ್ಜಿ. ಅವರ ಹಿಂದಿನಿಂದ ಇನ್ನೊಂದು ದನಿ, ಒಂದಿಷ್ಟು ತಡವಾಗಿ, ತಮಿಳಿನ ಎಳೆತದಲ್ಲಿ, "ಚಳ್ಳಂಬ್ರಿಗೋ..." ಪೆರುಮಾಳ್ ಮೇಸ್ತ್ರಿಯದು.

ಇಳಿದವಳೇ ಅಜ್ಜಿಯ ಪಕ್ಕ ಕೂತು ಅವರ ಹೊಲ ಹೇಗೆ ಕಾಣುತ್ತದೆ ಎಂದು ಹೇಳಿದೆ. ಜಿಮ್ಮಿನ ತಗಡು, ವಠಾರ, ಅದರಾಚೆ ಒಂದು ಹಲಸಿನ ಮರ. "ಆ ಮರ ನಾನು ನೆಟ್ಟಿದ್ದು ಕಣಮ್ಮಿ, ಮೇಲಿಂದ್ಲೂ ಕಾಣ್ತದಾ?" ಎಂದು ಎರಡೆರಡು ಸಲ ಕೇಳಿದರು. ಚೀಲದಲ್ಲಿದ್ದ ಚರಗವನ್ನು ಇಬ್ಬರೂ ಸೇರಿ ಆ ಮರದ ಬುಡಕ್ಕೆ ಹಾಕಿದೆವು. ಅಜ್ಜಿ ಈಗಿಲ್ಲ. ಮರ ಇದೆ.

ಇದೆಲ್ಲ ಹೋದ ವಾರ ಆ ಜಾಮಿನಲ್ಲಿ ಕೂತಾಗ ನೆನಪಾಗುತ್ತಿತ್ತು. ಆಟೋದಿಂದ ತಲೆ ಹೊರಗೆ ಹಾಕಿ ನೋಡಿದೆ. ಕಮಾನು ಅರ್ಧ ಕೆಂಪು, ಅರ್ಧ ಬೆಳ್ಳಿ. ನೆತ್ತಿಯ ಮೇಲೆ ಹೆಲ್ಮೆಟ್ಟು ಹಾಕಿದ ಯಾರೋ ಮೂರು ನಾಲ್ಕು ಜನ ಬೆಲ್ಟು ಕಟ್ಟಿಕೊಂಡು ಬಾಗಿದ್ದರು. ಅಷ್ಟು ದೂರದಿಂದ ಗಂಡೋ ಹೆಣ್ಣೋ ತಿಳಿಯುವುದಿಲ್ಲ, ನಮ್ಮ ಕಡೆಯವರೋ ಅಲ್ಲವೋ ಅದಂತೂ ತಿಳಿಯುವುದೇ ಇಲ್ಲ. ಚೀಲವನ್ನು ಸೀಟಿನ ಮೇಲಿಟ್ಟು ಕೆಳಗಿಳಿದೆ. ಗಾಡಿಗಳ ನಡುವೆ ನಿಂತು, ಬಾಯಿಗೆ ಎರಡೂ ಕೈ ಹಿಡಿದು, ಈ ವಯಸ್ಸಿಗೆ ನಾಚಿಕೆಯನ್ನೂ ಬಿಟ್ಟು ಕೂಗಿದೆ.

"ಹುಲ್ಲುಲ್ಲಿಗೋ!"

ಸುತ್ತಲಿನ ಸ್ಕೂಟರುಗಳ ಮೇಲಿದ್ದವರೆಲ್ಲ ತಿರುಗಿ ನೋಡಿದರು. ಮೇಲೆ ಒಂದು ಬ್ರಷ್ಷು ನಿಂತಿತು. ನಾನು ಇನ್ನೇನು ಆಟೋ ಹತ್ತಬೇಕು ಅನ್ನುವಷ್ಟರಲ್ಲಿ, ಕಮಾನಿನ ನೆತ್ತಿಯಿಂದಲೇ ಬಂತು. ಹೆಣ್ಣು ದನಿ, ಎಳೆಯದು, ನಗು ತುಂಬಿದ್ದು.

"ಚಳ್ಳಂಬ್ರಿಗೋ!"

ಆಟೋದವನು ಮೊಬೈಲ್ ಬಿಟ್ಟು ಕಣ್ಣು ಕಣ್ಣು ಬಿಟ್ಟ. "ಯಾರಕ್ಕಾ ಅದು ಮೇಲೆ? ನಿಮ್ಗೆ ಗೊತ್ತಿರೋವ್ರಾ?"

"ಹೂಂನಪ್ಪಾ," ಎಂದೆ. "ನಮ್ಮಾಕಿನೇ."